ಜೋಳಿಗೆಗೆ ಬಿದ್ದ ಭಿಕ್ಷೆ

ಬಾಗಿಲಿಗೆ ಬಂದ ಜಂಗಮನ ಜೋಳಿಗೆಗೆ ಜೋಳವನ್ನೋ ಹಿಟ್ಟನ್ನೋ ನೀಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ಇಳಕಲ್ಲಿನ ವಿಜಯ ಮಹಾಂತೇಶ್ವರ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಅದೇ ಜೋಳಿಗೆಯನ್ನು ಹೆಗಲಿಗೇರಿಸಿ ಹೊರಟರು. ಆದರೆ ಅವರು ಬೇಡಿದ್ದು ಕಾಳನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕುಗಳನ್ನು ತಮ್ಮ ಜೋಳಿಗೆಗೆ ಹಾಕಿಬಿಡಿರೆಂದು ಊರೂರಿನ ಓಣಿಗಳಲ್ಲಿ ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಾಡಿನಲ್ಲಿ ವ್ಯಸನಮುಕ್ತ ದಿನ.

ಕುಡುಕನಿಗೆ ಬುದ್ಧಿ ಹೇಳದವರಾರು? ಹೆಂಡತಿ ಅತ್ತು ಹೇಳಿರುತ್ತಾಳೆ, ಹಿರಿಯರು ಗದರಿ ಹೇಳಿರುತ್ತಾರೆ, ಸಾಲ ಕೊಟ್ಟವನು ಹಂಗಿಸಿ ಹೇಳಿರುತ್ತಾನೆ. ಅವರೆಲ್ಲರೆದುರು ಅವನು ತಲೆತಗ್ಗಿಸಿ ನಿಂತ ತಪ್ಪಿತಸ್ಥ. ಜೋಳಿಗೆ ಹಿಡಿದ ಗುರುವಿನೆದುರು ಮಾತ್ರ ಅವನು ದಾನಿ. ಕಳೆದುಹೋದ ಮಾನವನ್ನು ಮೊದಲು ಮರಳಿಸಿ, ಆಮೇಲೆ ಚಟವನ್ನು ಕೇಳುವ ಈ ಕ್ರಮದಲ್ಲಿ ಮನುಷ್ಯನ ಮನಸ್ಸನ್ನು ಬಲ್ಲವರ ಜಾಣ್ಮೆಯಿದೆ. ಹೆಂಡದ ಮಾರಯ್ಯನನ್ನೂ ಶರಣರ ಸಾಲಿನಲ್ಲಿ ಕೂರಿಸಿದ ಪರಂಪರೆಗೆ ಇದು ತೀರ ಹೊಸದೂ ಅಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಕುಡಿತದಿಂದ ನಲುಗಿದ್ದ ಇಬ್ಬರು, ಒಬ್ಬ ಷೇರುಪೇಟೆಯವನು, ಇನ್ನೊಬ್ಬ ಶಸ್ತ್ರವೈದ್ಯ, ಕೂಡಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಬೇರೊಂದು ದಾರಿಯಿಂದ ಈ ನೆಲೆಗೇ ಬರುತ್ತದೆ. ಮದ್ಯದ ಮುಂದೆ ತನ್ನ ಬಲ ಸಾಲದೆಂದು ಒಪ್ಪಿಕೊಳ್ಳುವುದು ಅಲ್ಲಿ ಮೊದಲ ಮೆಟ್ಟಿಲು; ತನಗಿಂತ ಹಿರಿದಾದ ಶಕ್ತಿಯನ್ನು ನಂಬುವುದು ಎರಡನೆಯದು. ಆ ಶಕ್ತಿ ಯಾವುದೆಂಬುದನ್ನು ಅವರವರ ಅರಿವಿಗೇ ಬಿಟ್ಟಿದ್ದಾರೆ. ತನ್ನಿಂದ ನೊಂದವರಿಗೆ ಆದ ಹಾನಿಯನ್ನು ತುಂಬಿಕೊಡುವ ಮೆಟ್ಟಿಲೂ ಒಂದಿದೆ. ಎಲ್ಲಕ್ಕಿಂತ ಕಠಿಣವಾದದ್ದು ಇದೇ ಎಂದು ನನ್ನ ಎಣಿಕೆ. ದೇವರ ಮುಂದೆ ಕಣ್ಣೀರಿಡುವುದು ಸುಲಭ; ಅಡವಿಟ್ಟ ತಾಳಿಯ ಮಾತನ್ನು ಹೆಂಡತಿಯ ಮುಂದೆ ತಾನಾಗಿ ಎತ್ತುವುದು ಸುಲಭವಲ್ಲ.

ಹಾಗೆಂದು ಪ್ರತಿಜ್ಞೆಯೊಂದೇ ಸಾಕೆಂದು ತಿಳಿಯಬಾರದು. ವರ್ಷಗಟ್ಟಲೆ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ಕೈನಡುಕ, ಮೂರ್ಛೆರೋಗದಂಥ ಸೆಳೆತ, ಭ್ರಮೆಗಳು ತಲೆದೋರಿ ಜೀವಕ್ಕೇ ಅಪಾಯವಾದೀತು. ಅಂಥವನು ಗುಡಿಯ ಮೆಟ್ಟಿಲಿಗಿಂತ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು.

ಶರೀರ ಸುಧಾರಿಸಿದ ಮೇಲೆ ಎದುರಾಗುವುದು ಸಂಜೆಯ ಹೊತ್ತು. ಕಲಘಟಗಿ ತಾಲೂಕಿನ ತಂಬೂರಿನಂಥ ಊರನ್ನು ನೆನೆಯಿರಿ. ಗದ್ದೆಯಿಂದ ಮರಳಿ ಕೈಕಾಲು ತೊಳೆದವನಿಗೆ ಕತ್ತಲಾದ ಮೇಲಿನ ಒಂದೆರಡು ತಾಸು ಬರಿದು. ಹಿಂದೆ ಅದನ್ನು ತುಂಬುತ್ತಿದ್ದುದು ಸಾರಾಯಿ. ಗೆಳೆಯರನ್ನು ಕೊಟ್ಟಿದ್ದೂ ಅದೇ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರಿಗೆ ಬಾಟಲಿ ಬದಲಾಯಿತು, ಅಷ್ಟೆ. ಆ ಹೊತ್ತಿನಲ್ಲಿ ಬಸವಣ್ಣನ ಗುಡಿಯ ಭಜನೆಗೆ ತಾಳ ಹಿಡಿದು ಕೂತವನಿಗೆ ಕೈಗೆ ಕೆಲಸವಿದೆ, ಕಿವಿಗೆ ನಾದವಿದೆ, ಮಗ್ಗುಲಲ್ಲಿ ಮನುಷ್ಯರಿದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಎಂಟು ದಿನಗಳ ಮದ್ಯವರ್ಜನ ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳಲ್ಲಿ ಅವರನ್ನು ಮತ್ತೆ ಮತ್ತೆ ಕೂಡಿಸುವುದು ಇದನ್ನರಿತೇ.

ಜೋಳಿಗೆಗೆ ಹಾಕಿದ್ದನ್ನು ಮರಳಿ ಎತ್ತಿಕೊಂಡವನೂ ಇರುತ್ತಾನೆ. ನಾಲ್ಕು ದಿನ ಭಜನೆಗೆ ಬಾರದ ಅವನನ್ನು ಹುಡುಕಿಕೊಂಡು ಯಾರಾದರೂ ಮನೆಗೆ ಹೋದರೇ ಎಂಬುದನ್ನು ಆ ಊರಿನವರು ಕೇಳಿಕೊಳ್ಳಬೇಕು.