ಸಿಟಿ ಅಟಾರ್ನಿ ಯಾರ ವಕೀಲರು?

ಭಾರತದಲ್ಲಿ ಸರ್ಕಾರದ ಪರವಾಗಿ ವಾದಿಸುವ ವಕೀಲರು ಮತ ಕೇಳಿ ಆ ಸ್ಥಾನಕ್ಕೆ ಬರುವುದಿಲ್ಲ. ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ, ಸರ್ಕಾರಿ ಅಭಿಯೋಜಕರನ್ನು ಸರ್ಕಾರವೇ ನೇಮಿಸುತ್ತದೆ. ಹಾಗಾಗಿ ಅಮೆರಿಕದ ಕೆಲವು ನಗರಗಳಲ್ಲಿ ಸಿಟಿ ಅಟಾರ್ನಿ, ಎಂದರೆ ನಗರಾಡಳಿತದ ಮುಖ್ಯ ಕಾನೂನು ಅಧಿಕಾರಿ, ಜನರ ಮತದಿಂದಲೇ ಆಯ್ಕೆಯಾಗುತ್ತಾರೆಂಬ ಸಂಗತಿ ಕನ್ನಡ ಓದುಗರಿಗೆ ಹೊಸತೆನಿಸುವುದು ಸಹಜ. ಈ ಹುದ್ದೆಯ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳಾದರೋ ಹೊರಗಿನವರಿಗಷ್ಟೇ ಸೀಮಿತವಾದವುಗಳಲ್ಲ.

ಕೊಲೆ, ದರೋಡೆಗಳ ಮೊಕದ್ದಮೆ ನಡೆಸುವವರು ಸಿಟಿ ಅಟಾರ್ನಿ ಎಂಬುದು ಇವುಗಳಲ್ಲಿ ಮೊದಲನೆಯದು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಘೋರ ಅಪರಾಧಗಳು, ಅಲ್ಲಿನ ಪರಿಭಾಷೆಯಲ್ಲಿ ಫೆಲನಿಗಳು, ಕೌಂಟಿಯ, ಎಂದರೆ ಜಿಲ್ಲೆಯನ್ನು ಹೋಲುವ ಆಡಳಿತ ಘಟಕದ, ಡಿಸ್ಟ್ರಿಕ್ಟ್ ಅಟಾರ್ನಿಯ ಪಾಲಿಗೆ ಸೇರುತ್ತವೆ. ಲಾಸ್ ಏಂಜಲೀಸ್‌ ನಗರದ ಸಿಟಿ ಅಟಾರ್ನಿಗೆ ಉಳಿಯುವುದು ಮಿಸ್‌ಡಿಮೀನರ್ ಎಂಬ ಸಣ್ಣ ಅಪರಾಧಗಳ ಅಭಿಯೋಜನೆ ಮಾತ್ರ. ಸಿಯಾಟಲ್‌ನಲ್ಲಿಯೂ ಹಂಚಿಕೆ ಬಹುಮಟ್ಟಿಗೆ ಹೀಗೆಯೇ ಇದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಗರವೂ ಕೌಂಟಿಯೂ ಒಂದೇ ಆಗಿರುವುದರಿಂದ ಎಲ್ಲ ಕ್ರಿಮಿನಲ್ ಮೊಕದ್ದಮೆಗಳನ್ನು ಡಿಸ್ಟ್ರಿಕ್ಟ್ ಅಟಾರ್ನಿಯೇ ನಡೆಸುತ್ತಾರೆ, ಸಿಟಿ ಅಟಾರ್ನಿಯ ಕಾರ್ಯಕ್ಷೇತ್ರ ಸಿವಿಲ್ ವ್ಯಾಜ್ಯ ಮತ್ತು ಕಾನೂನು ಸಲಹೆಗಳದು. ಕೊಲೆಗಾರರನ್ನು ಜೈಲಿಗೆ ಕಳಿಸುವೆನೆಂದು ಸಿಟಿ ಅಟಾರ್ನಿ ಸ್ಥಾನದ ಅಭ್ಯರ್ಥಿಯೊಬ್ಬರು ಸಾರಿದರೆ, ಹುದ್ದೆಗೆ ಇಲ್ಲದ ಅಧಿಕಾರವನ್ನು ಮುಂದಿಟ್ಟು ಮತ ಕೇಳಿದಂತೆಯೇ ಆಗುತ್ತದೆ.

ಎಲ್ಲ ನಗರಗಳಲ್ಲಿಯೂ ಈ ಅಧಿಕಾರಿಯನ್ನು ಜನರೇ ಆರಿಸುತ್ತಾರೆಂಬ ನಂಬಿಕೆಯೂ ಸರಿಯಲ್ಲ. ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ, ಸ್ಯಾನ್ ಫ್ರಾನ್ಸಿಸ್ಕೋಗಳಲ್ಲಿ ಚುನಾವಣೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಬಹುಪಾಲು ನಗರಗಳಲ್ಲಿ, ದೊಡ್ಡ ನಗರವಾದ ಸ್ಯಾನ್ ಹೋಸೆಯಲ್ಲಿಯೂ, ಸಿಟಿ ಕೌನ್ಸಿಲ್ ಎಂಬ ನಗರಸಭೆಯೇ ನೇಮಕ ಮಾಡುತ್ತದೆ. ನ್ಯೂಯಾರ್ಕ್ ಮತ್ತು ಶಿಕಾಗೊಗಳಲ್ಲಿ ಇದೇ ಕೆಲಸ ಮಾಡುವ ಕಾರ್ಪೊರೇಷನ್ ಕೌನ್ಸೆಲ್ ಅವರನ್ನು ನೇಮಿಸುವವರು ಮೇಯರ್. ಇದನ್ನು ನಿರ್ಧರಿಸುವುದು ಆಯಾ ನಗರದ ಚಾರ್ಟರ್, ಅಂದರೆ ನಗರಕ್ಕೆ ಸಂವಿಧಾನದಂತಿರುವ ಮೂಲ ಶಾಸನ. ಅದನ್ನು ಮತದಾರರು ತಿದ್ದಬಹುದು: ಓಕ್ಲೆಂಡ್‌ನಲ್ಲಿ ನೇಮಕದ ಹುದ್ದೆಯಾಗಿದ್ದುದು 1998ರ ತಿದ್ದುಪಡಿಯ ಬಳಿಕ ಚುನಾಯಿತ ಹುದ್ದೆಯಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಗರದ ಸ್ಥಾನಗಳೆಲ್ಲ ಪಕ್ಷರಹಿತವಾಗಿರಬೇಕೆಂದು ರಾಜ್ಯ ಸಂವಿಧಾನವೇ ವಿಧಿಸುವುದರಿಂದ ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ, ಆದರೂ ಪಕ್ಷಗಳು ಅಭ್ಯರ್ಥಿಗಳಿಗೆ ಬೆಂಬಲ ಘೋಷಿಸುವುದುಂಟು. ಲಾಸ್ ಏಂಜಲೀಸ್‌ನಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ಮರುಸ್ಪರ್ಧೆ ಏರ್ಪಡುತ್ತದೆ. 2022ರ ನವೆಂಬರಿನಲ್ಲಿ ಹೈಡೀ ಫೆಲ್ಡ್‌ಸ್ಟೀನ್ ಸೋಟೊ ಹೀಗೆ ಗೆದ್ದು, ಆ ನಗರದಲ್ಲಿ ಈ ಸ್ಥಾನಕ್ಕೆ ಚುನಾಯಿತರಾದ ಮೊದಲ ಮಹಿಳೆಯಾದರು.

ಇವೆಲ್ಲಕ್ಕಿಂತ ಆಳವಾದ ತಪ್ಪು ತಿಳಿವಳಿಕೆ ಇರುವುದು ಸಿಟಿ ಅಟಾರ್ನಿ ಯಾರ ವಕೀಲರೆಂಬ ವಿಷಯದಲ್ಲಿ. ಅವರು ಮೇಯರ್ ಅವರ ವಕೀಲರೆಂದು ಕೆಲವರು ಭಾವಿಸಿದರೆ, ತಾವು ಮತ ಹಾಕಿರುವುದರಿಂದ ಮನೆಮಾಲೀಕರೊಡನೆ ಜಗಳವಾದಾಗ ಹೋಗಿ ಸಲಹೆ ಕೇಳಬಹುದೆಂದು ಮತ್ತೆ ಕೆಲವರು ಎಣಿಸುತ್ತಾರೆ. ವಾಸ್ತವದಲ್ಲಿ ಅವರ ಕಕ್ಷಿದಾರ ಒಬ್ಬ ವ್ಯಕ್ತಿಯಲ್ಲ, ನಗರವೆಂಬ ಸಂಸ್ಥೆ. ಪಾದಚಾರಿ ಮಾರ್ಗದ ಹೊಂಡಕ್ಕೆ ಬಿದ್ದು ಕಾಲು ಮುರಿದುಕೊಂಡ ನಿವಾಸಿ ನಗರದ ಮೇಲೆ ಪರಿಹಾರದ ದಾವೆ ಹೂಡಿದರೆ, ಅದೇ ನಿವಾಸಿಯ ಮತದಿಂದ ಗೆದ್ದ ಸಿಟಿ ಅಟಾರ್ನಿಯ ಕಚೇರಿ ನ್ಯಾಯಾಲಯದಲ್ಲಿ ಎದುರು ಪಕ್ಷದಲ್ಲಿ ನಿಂತಿರುತ್ತದೆ. ಇದರಲ್ಲಿ ವಿಶ್ವಾಸದ್ರೋಹವೇನೂ ಇಲ್ಲ. ನಗರದ ಬೊಕ್ಕಸ ಎಲ್ಲ ನಿವಾಸಿಗಳಿಗೂ ಸೇರಿದ್ದು, ಅದನ್ನು ಕಾಯಲು ಯಾರಾದರೂ ನಿಲ್ಲಲೇಬೇಕು. ಮೇಯರ್ ಅವರೊಡನೆ ಇರುವ ಸಂಬಂಧಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಅಟಾರ್ನಿ ಡೆನ್ನಿಸ್ ಹೆರೆರಾ ನಿರ್ಗಮಿಸಿದಾಗ ಅಂದಿನ ಮೇಯರ್ ಲಂಡನ್ ಬ್ರೀಡ್ ತೆರವಾದ ಸ್ಥಾನಕ್ಕೆ ಡೇವಿಡ್ ಚಿಯು ಅವರನ್ನು ನೇಮಿಸಿದರು. ಹಾಗೆ ನೇಮಕಗೊಂಡವರೂ ಮೇಯರ್ ಬಯಸಿದ ಕ್ರಮ ಕಾನೂನಿಗೆ ವಿರುದ್ಧವಾಗಿದ್ದರೆ ಹಾಗೆಂದು ಹೇಳಲು ಬದ್ಧರು.

ಈ ನಿಷ್ಠೆ ಎಷ್ಟು ಸೂಕ್ಷ್ಮವಾದುದೆಂಬುದು ಕ್ಯಾಲಿಫೋರ್ನಿಯಾದ ಚುನಾವಣಾ ಸಂಹಿತೆಯ ಒಂದು ನಿಯಮದಿಂದ ತಿಳಿಯುತ್ತದೆ. ನಗರದ ಪ್ರಸ್ತಾವವೊಂದನ್ನು ಜನಮತಕ್ಕೆ ಇಟ್ಟಾಗ, ಜಾರಿಯಲ್ಲಿರುವ ಕಾನೂನನ್ನು ಅದು ಹೇಗೆ ಬದಲಿಸುತ್ತದೆಂಬುದನ್ನು ವಿವರಿಸುವ 500 ಪದ ಮೀರದ ನಿಷ್ಪಕ್ಷಪಾತ ವಿಶ್ಲೇಷಣೆಯನ್ನು ಸಾಮಾನ್ಯವಾಗಿ ಸಿಟಿ ಅಟಾರ್ನಿಯೇ ಬರೆಯುತ್ತಾರೆ. ತಾವೇ ವಿರೋಧಿಸುವ ಪ್ರಸ್ತಾವವಾದರೂ ಅದರಲ್ಲಿ ಒಲವು ಇಣುಕಬಾರದು. ಚುನಾಯಿತ ರಾಜಕಾರಣಿಯೊಬ್ಬರಿಂದ ಇಂಥ ಸಂಯಮವನ್ನು ಕೇಳುವ ಹುದ್ದೆಗಳು ವಿರಳ.

ಸಿಟಿ ಅಟಾರ್ನಿ ನಗರವನ್ನು ಸಮರ್ಥಿಸಿಕೊಳ್ಳುವವರು ಮಾತ್ರ ಎಂಬುದು ಅರ್ಧಸತ್ಯ. ರಾಜ್ಯದ ಅನುಚಿತ ವ್ಯಾಪಾರ ವಿರೋಧಿ ಕಾಯ್ದೆಯಡಿ 7,50,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಅಟಾರ್ನಿಗಳು ಕ್ಯಾಲಿಫೋರ್ನಿಯಾ ಜನತೆಯ ಹೆಸರಿನಲ್ಲಿಯೇ ಕಂಪನಿಗಳ ಮೇಲೆ ದಾವೆ ಹೂಡಬಹುದು. ವೆಲ್ಸ್ ಫಾರ್ಗೊ ಬ್ಯಾಂಕಿನ ನೌಕರರು ಮಾರಾಟದ ಗುರಿ ಮುಟ್ಟುವ ಒತ್ತಡದಲ್ಲಿ ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಗಳನ್ನು ತೆರೆಯುತ್ತಿದ್ದರೆಂದು ಲಾಸ್ ಏಂಜಲೀಸ್‌ನ ಅಂದಿನ ಸಿಟಿ ಅಟಾರ್ನಿ ಮೈಕ್ ಫ್ಯೂಯರ್ 2015ರಲ್ಲಿ ಹೂಡಿದ ದಾವೆ ಇದಕ್ಕೆ ಒಳ್ಳೆಯ ನಿದರ್ಶನ. 2016ರಲ್ಲಿ ಬ್ಯಾಂಕು ಒಟ್ಟು 18.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅದರಲ್ಲಿ 5 ಕೋಟಿ ಲಾಸ್ ಏಂಜಲೀಸ್‌ನ ಪ್ರಕರಣಕ್ಕೆ ಸಂಬಂಧಿಸಿದ್ದು, ಉಳಿದುದು ಒಕ್ಕೂಟ ಸರ್ಕಾರದ ನಿಯಂತ್ರಣ ಸಂಸ್ಥೆಗಳಿಗೆ ಸಂದಿತು. ಈ ಅಧಿಕಾರ ಜನಸಂಖ್ಯೆಯಿಂದ ಬರುವುದೇ ಹೊರತು ಚುನಾವಣೆಯಿಂದಲ್ಲ. ಆ ಮಿತಿಯನ್ನು ದಾಟಿದ ಸ್ಯಾನ್ ಹೋಸೆಯ ನೇಮಕಗೊಂಡ ಅಟಾರ್ನಿಗೂ ಅದು ಲಭ್ಯವಿದೆ.

ಜನರಿಂದ ಗೆದ್ದವರು ನಗರದ ವ್ಯಾಜ್ಯಗಳನ್ನು ಮನಬಂದಂತೆ ಮುಗಿಸಬಹುದೆಂಬ ಊಹೆಗೂ ಆಧಾರವಿಲ್ಲ. 1999ರಲ್ಲಿ ಮತದಾರರು ಒಪ್ಪಿ ಮರುವರ್ಷ ಜಾರಿಗೆ ಬಂದ ಲಾಸ್ ಏಂಜಲೀಸ್‌ನ ಚಾರ್ಟರ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ವಾದ ಹೂಡುವುದು ಸಿಟಿ ಅಟಾರ್ನಿಯ ಕೆಲಸ, ಕಕ್ಷಿದಾರನ ಸ್ಥಾನದಲ್ಲಿ ನಿಂತು ನಿರ್ಧಾರ ಕೈಗೊಳ್ಳುವುದು ಕೌನ್ಸಿಲ್, ಮೇಯರ್ ಅಥವಾ ಸಂಬಂಧಪಟ್ಟ ಮಂಡಳಿಯ ಕೆಲಸ, ದೊಡ್ಡ ಮೊತ್ತದ ರಾಜಿಗೆ ಅವರ ಒಪ್ಪಿಗೆ ದೊರೆಯುವವರೆಗೆ ಬೊಕ್ಕಸದಿಂದ ಹಣ ಹೊರಡುವುದಿಲ್ಲ.