ತುಂಬಿದ ತುಂಗಭದ್ರೆಯಲ್ಲಿ ನೀರೆಷ್ಟು?

ಮಳೆಗಾಲದಲ್ಲಿ ಹಂಪಿಗೆ ಬಂದವರು ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯನ್ನೂ ನೋಡಿಕೊಂಡು ಹೋಗುವುದು ರೂಢಿ. ಗುಡ್ಡದ ಮೇಲಿನ ವೈಕುಂಠ ಅತಿಥಿಗೃಹದ ಬಳಿ ನಿಂತರೆ ಕಣ್ಣು ಹಾಯುವವರೆಗೂ ನೀರು. ಕೆಳಗೆ ಉದ್ಯಾನ, ಸಂಜೆಯಾದರೆ ಸಂಗೀತ ಕಾರಂಜಿ. 'ಡ್ಯಾಮ್ ತುಂಬಿದೆ' ಎಂದು ಸಂತೋಷಪಟ್ಟು ಮರಳುವವರೇ ಹೆಚ್ಚು. ಆದರೆ ತುಂಬಿದೆ ಎಂದರೆ ಎಷ್ಟು?

ಈ ಅಣೆಕಟ್ಟೆ ಎರಡು ಆಡಳಿತಗಳ ಕೂಡು ಕೆಲಸ. 1945ರ ಫೆಬ್ರುವರಿ 28ರಂದು ಮದರಾಸು ಪ್ರಾಂತ್ಯ ಹಾಗೂ ಹೈದರಾಬಾದ್ ಸಂಸ್ಥಾನಗಳು ನದಿಯ ಎರಡೂ ದಡಗಳಲ್ಲಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕಲ್ಲಿನ ಕಟ್ಟಡಕ್ಕೆ ಬಳಸಿದ್ದು ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಸುರ್ಕಿ ಗಾರೆ. ಇದಕ್ಕಾಗಿ ಸುಮಾರು 90 ಹಳ್ಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಮುಳುಗಡೆಯಾದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು.

ಆಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈಗಿನ ಲೆಕ್ಕ 105.788 ಟಿಎಂಸಿ. ಉಳಿದ ಸುಮಾರು 27 ಟಿಎಂಸಿ ಜಾಗವನ್ನು ಹೂಳು ಆಕ್ರಮಿಸಿದೆ. ತುಂಗಾ, ಭದ್ರಾ, ವರದಾ ನದಿಗಳ ಪಾತ್ರದಿಂದ ಕೊಚ್ಚಿ ಬರುವ ಮಣ್ಣು, ನಿಂತ ನೀರಿಗೆ ಸೇರುತ್ತಿದ್ದಂತೆ ವೇಗ ಕಳೆದುಕೊಂಡು ತಳ ಸೇರುತ್ತದೆ. ಪೂರ್ಣಮಟ್ಟ ಮಾತ್ರ ಅಂದಿಗೂ ಇಂದಿಗೂ 1633 ಅಡಿಯೇ. ಹೀಗಾಗಿ ಗುಡ್ಡದ ಮೇಲಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದು. ತಿಳಿಯುವುದು ಕಾಲುವೆಯ ಕೊನೆ ಭಾಗದ ರೈತರಿಗೆ, ಎರಡನೇ ಬೆಳೆಗೆ ನೀರು ಕೇಳುವಾಗ.

ಹೂಳಿನ ಪೆಟ್ಟು ನಿಧಾನದ್ದು. ಒಂದೇ ರಾತ್ರಿಯಲ್ಲಿ ಬಿದ್ದ ಪೆಟ್ಟು 2024ರ ಆಗಸ್ಟ್ 10ರದು. ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಸರಪಳಿಯ ಬಲದಿಂದ ಮೇಲೆ ಕೆಳಗೆ ಸರಿಯುತ್ತವೆ. ಆ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಗೇಟಿನ ತಳ ಇರುವುದು 1613 ಅಡಿಯಲ್ಲಿ. ಆ ಮಟ್ಟಕ್ಕೆ ನೀರು ಇಳಿಯುವವರೆಗೆ ಕಾದಿದ್ದರೆ ಸಂಗ್ರಹದ ಬಹುಪಾಲು ನದಿ ಪಾಲಾಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಬಾಗಿಲು ಮುಚ್ಚಲಾಯಿತು. ಆದರೂ 2025ರ ಮುಂಗಾರಿನಲ್ಲಿ ಮುನ್ನೆಚ್ಚರಿಕೆಯಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು.

ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರಕ್ಕೂ ಇದೇ ನೀರು. ಹೂಳೆತ್ತುವುದು ಭಾರೀ ವೆಚ್ಚದ ಕೆಲಸವಾದ್ದರಿಂದ, ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಮುಂದೆ ಬಂದಿತು. ಅದಕ್ಕೆ ಮೂರೂ ರಾಜ್ಯಗಳ ಸಮ್ಮತಿ ಬೇಕು. ಮತ್ತೆ ಒಂದಷ್ಟು ಜನರ ಭೂಮಿಯೂ ಬೇಕು.

ಅಣೆಕಟ್ಟೆ ನೋಡಲು ಹೋದವರು ಕಾರಂಜಿ ನೋಡಲಿ, ತಪ್ಪಿಲ್ಲ. ಅದರೊಂದಿಗೆ ನೀರಿನ ಮಟ್ಟ ಎಷ್ಟು ಅಡಿ ಎಂದಷ್ಟೇ ಕೇಳದೆ, ಎಷ್ಟು ಟಿಎಂಸಿ ಎಂದೂ ಕೇಳುವುದು ಒಳ್ಳೆಯದು. ರೈತನ ಗದ್ದೆಗೆ ಹರಿಯುವುದು ಎರಡನೆಯ ಲೆಕ್ಕದ ನೀರೇ.