ಕಂಪ್ಯೂಟರಿನ ದನಿ ಅಡಗಿದರೆ ಏನು ಮಾಡಬೇಕು?



ಅಡಿಕೆ, ಕಾಫಿಯ ವಿಚಾರಗಳಿಗೆ ಮೀಸಲಾದ ಈ ಪುಟಗಳಲ್ಲಿ ಈ ಬಾರಿ ಕಂಪ್ಯೂಟರಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಪುತ್ತೂರು, ಸುಳ್ಯ, ಕಡಬದ ಅನೇಕ ತೋಟದ ಮನೆಗಳಲ್ಲಿ ಈಗ ವಿಜ್ಞಾನಿಗಳ ಭಾಷಣ ಕೇಳುವುದು, ಮಕ್ಕಳ ಪಾಠ, ಪರವೂರಿನಲ್ಲಿರುವ ಮಗನೊಡನೆ ಮಾತುಕತೆ ಎಲ್ಲವೂ ಈ ಯಂತ್ರದ ಮೂಲಕವೇ ನಡೆಯುತ್ತಿವೆ. ಒಂದು ಬೆಳಗ್ಗೆ ಅದರ ದನಿ ನಿಂತರೆ ಆಗುವ ನಷ್ಟ ಸಣ್ಣದಲ್ಲ. ಇದನ್ನು ನಾನು ಕಲಿತದ್ದು ಸಂಘದ ಕಛೇರಿಯಲ್ಲಿ, ಸದಸ್ಯರ ಎದುರಿನಲ್ಲೇ.

ಅಂದು ಹಳದಿ ಎಲೆ ರೋಗದ ಕುರಿತು ವಿಜ್ಞಾನಿಯೊಬ್ಬರ ಆನ್‌ಲೈನ್ ಭಾಷಣವಿತ್ತು. ಸುಳ್ಯ ಕಡೆಯ ಹಿರಿಯ ಸದಸ್ಯರೊಬ್ಬರು ಎರಡು ಬಸ್ಸು ಹಿಡಿದು ಬಂದಿದ್ದರು. ಅವರ ತೋಟದ ಅರ್ಧದಷ್ಟು ಮರಗಳು ಹಳದಿಯಾಗಿವೆ. ಅಲ್ಲಿ ಕಾಫಿ ಗಿಡ ಇಡಬಹುದೇ ಎಂಬ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಪರದೆಯ ಮೇಲೆ ಮುಖ ಬಂತು, ತುಟಿ ಆಡಿತು, ದನಿ ಮಾತ್ರ ಇಲ್ಲ. ಸ್ಪೀಕರಿನ ವಯರು ತೆಗೆದು ಹಾಕಿದೆ, ಪ್ರಯೋಜನವಾಗಲಿಲ್ಲ. ಮೊಬೈಲಿನಲ್ಲಿ ಕೇಳಿಸಲು ನೋಡಿದೆವು. ಮಳೆಯ ಸದ್ದಿಗೆ ಹಿಂದಿನ ಸಾಲಿನವರಿಗೆ ಏನೂ ತಿಳಿಯಲಿಲ್ಲ. "ಅಡ್ಡಿಯಿಲ್ಲ ಸೆಕ್ರೆಟರಿಗಳೇ, ಇನ್ನೊಮ್ಮೆ ನೋಡುವ" ಎಂದು ಹೇಳಿ ಆ ಹಿರಿಯರು ಕೊಡೆ ಬಿಡಿಸಿ ಹೊರಟರು. ನನಗೆ ನಾಚಿಕೆಯಾಯಿತು.

ಮರುದಿನ ರಿಪೇರಿಯವರೊಬ್ಬರು ನೋಡಿ, ಮದರ್‌ಬೋರ್ಡ್ ಹೋಗಿದೆ, ಏಳು ಸಾವಿರವಾದೀತು ಎಂದರು. ಆಡಳಿತ ಮಂಡಳಿಯ ಒಪ್ಪಿಗೆಗೆ ಟಿಪ್ಪಣಿಯನ್ನೂ ಬರೆದೆ. ಅದೇ ಸಂಜೆ ತಂದೆಯ ಜತೆ ಕಛೇರಿಗೆ ಬಂದಿದ್ದ, ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: "ಮಾವ, ಮೊನ್ನೆಯವರೆಗೆ ಸರಿಯಿದ್ದದ್ದು ಹಾಳಾಗಿದೆಯಾದರೆ, ನಡುವೆ ಏನು ಬದಲಾಯಿತೆಂದು ನೋಡಿದಿರಾ?" ನೋಡಿರಲಿಲ್ಲ. ಭಾಷಣದ ಹಿಂದಿನ ರಾತ್ರಿ ಯಂತ್ರ ತಾನಾಗಿಯೇ ಒಂದು ಅಪ್‌ಡೇಟ್ ಹಾಕಿಕೊಂಡಿತ್ತು. ಅದರೊಡನೆ ಬಂದ ಧ್ವನಿಯ ಡ್ರೈವರ್ ನಮ್ಮ ಯಂತ್ರಕ್ಕೆ ಹೊಂದಿರಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಹಳೆಯದನ್ನು ಮರಳಿ ಹಾಕಿದಳು, ದನಿ ಬಂತು. ಖರ್ಚು ಏನೂ ಇಲ್ಲ.

ಡ್ರೈವರ್ ಎಂದರೆ ದುಭಾಷಿ ಇದ್ದಂತೆ. ವಿಂಡೋಸಿನ ಮಾತು ಧ್ವನಿಯ ಚಿಪ್ಪಿಗೆ ನೇರವಾಗಿ ತಿಳಿಯದು. ನಡುವೆ ನಿಂತು ತಿಳಿಸುವುದು ಈ ತಂತ್ರಾಂಶ. ದುಭಾಷಿ ತಪ್ಪಿದರೆ ಎರಡೂ ಕಡೆ ಗಟ್ಟಿಯಾಗಿದ್ದರೂ ವ್ಯವಹಾರ ನಿಲ್ಲುತ್ತದೆ. ಇದು ನಮ್ಮೊಬ್ಬರ ಅನುಭವವಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10 ಇದ್ದ ಕೆಲವು ಕಂಪ್ಯೂಟರುಗಳಿಗೆ ಇಂಟೆಲ್ ಧ್ವನಿ ಡ್ರೈವರಿನ 9.21.00.3755 ಎಂಬ ಆವೃತ್ತಿ ತಪ್ಪಾಗಿ ರವಾನೆಯಾಗಿ ದನಿ ನಿಂತಿತ್ತು. ಮೈಕ್ರೋಸಾಫ್ಟ್ ಸಂಸ್ಥೆ ಆಮೇಲೆ 4468550 ಸಂಖ್ಯೆಯ ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

ವಿಂಡೋಸ್ ಇರುವ ಯಂತ್ರದಲ್ಲಿ ದನಿ ನಿಂತರೆ ಈ ಕ್ರಮದಲ್ಲಿ ನೋಡಿರಿ.

1. ಸ್ಪೀಕರನ್ನು ಮೊಬೈಲಿಗೆ ಸಿಕ್ಕಿಸಿ ನೋಡಿ. ಅಲ್ಲಿ ನುಡಿದರೆ ಸ್ಪೀಕರಿನ ದೋಷವಲ್ಲ. ಪರದೆಯ ಕೆಳಗೆ ಬಲಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ, ದನಿ ‘ಮ್ಯೂಟ್’ ಆಗಿದೆಯೇ, ಸ್ಪೀಕರಿನ ಬದಲು ಮಾನಿಟರಿಗೆ ಹೋಗುತ್ತಿದೆಯೇ ಎಂದು ಪರೀಕ್ಷಿಸಿ.

2. ಒಮ್ಮೆ ‘ರಿಸ್ಟಾರ್ಟ್’ ಕೊಡಿ. ‘ಶಟ್ ಡೌನ್’ ಮಾಡಿದರೆ ಹಲವು ಯಂತ್ರಗಳಲ್ಲಿ ಹಳೆಯ ಸ್ಥಿತಿಯ ಒಂದು ಭಾಗ ಹಾಗೆಯೇ ಉಳಿಯುತ್ತದೆ.

3. ‘ಸ್ಟಾರ್ಟ್’ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್’ ಎಂಬಲ್ಲಿ ಧ್ವನಿಯ ಸಾಧನವಿರುತ್ತದೆ. ಹಲವೆಡೆ ಅದರ ಹೆಸರು ರಿಯಲ್‌ಟೆಕ್ ಎಂದಿರುತ್ತದೆ. ಅದರ ‘ಪ್ರಾಪರ್ಟೀಸ್’ ತೆರೆದು, ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ನಮ್ಮ ಯಂತ್ರ ಸರಿಯಾದದ್ದು ಇದರಿಂದಲೇ.

4. ಆ ಗುಂಡಿ ಮಸುಕಾಗಿ ಒತ್ತಲು ಬಾರದಿದ್ದರೆ, ಹಳೆಯ ಡ್ರೈವರ್ ಉಳಿದಿಲ್ಲವೆಂದು ಅರ್ಥ. ಆಗ ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಾವೇ ಆರಿಸುವ ದಾರಿ ಹಿಡಿದು ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಎಂಬುದನ್ನು ಆರಿಸಿ. ಇದು ವಿಂಡೋಸಿನೊಡನೆಯೇ ಬರುವ ಸಾಮಾನ್ಯ ಡ್ರೈವರ್; ಬಹಳ ಯಂತ್ರಗಳಿಗೆ ಸಾಕಾಗುತ್ತದೆ.

5. ಅದೂ ಫಲಿಸದಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು, ಡ್ರೈವರನ್ನೂ ತೆಗೆಯುವಂತೆ ಗುರುತು ಹಾಕಿ ರಿಸ್ಟಾರ್ಟ್ ಮಾಡಿ. ಬಳಿಕ ಯಂತ್ರದ ಮಾದರಿ ಸಂಖ್ಯೆ ನೋಡಿ, ಅದನ್ನು ತಯಾರಿಸಿದ ಕಂಪನಿಯ ಅಧಿಕೃತ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ.

ಇಷ್ಟಾದರೂ ಸಾಧನದ ಹೆಸರೇ ಕಾಣಿಸದಿದ್ದರೆ ರಿಪೇರಿಯವರನ್ನು ಕರೆಯಿರಿ, ಯಂತ್ರವೇ ಕೆಟ್ಟಿರಲೂಬಹುದು.

ಎರಡು ಎಚ್ಚರಿಕೆಯ ಮಾತು. ದನಿ ಬಂದ ಮೇಲೆ ಅದೇ ಅಪ್‌ಡೇಟ್ ಮತ್ತೆ ಬಾರದಂತೆ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯಬಹುದು. ಶಾಶ್ವತವಾಗಿ ನಿಲ್ಲಿಸಬಾರದು, ನಮ್ಮ ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರಕ್ಕೆ ಕಾವಲಾಗಿರುವ ಭದ್ರತೆಯ ತಿದ್ದುಪಡಿಗಳೂ ಅದರಲ್ಲೇ ಬರುತ್ತವೆ. ಎರಡನೆಯದಾಗಿ, ಪರದೆಯಲ್ಲಿ ತಾನಾಗಿ ಮೂಡುವ ‘ಸಹಾಯವಾಣಿ’ಗೆ ಫೋನ್ ಮಾಡಬೇಡಿ. ಕಂಪ್ಯೂಟರಿನ ಹಿಡಿತ ಕೇಳುವವರಿಗೆ, ಓಟಿಪಿ ಕೇಳುವವರಿಗೆ ಏನನ್ನೂ ಕೊಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಏಳು ಸಾವಿರದ ಟಿಪ್ಪಣಿಯನ್ನು ನಾನು ಹರಿದು ಹಾಕಿದೆ. ಆ ಭಾಷಣ ರೆಕಾರ್ಡ್ ಆಗಿತ್ತು. ಹಿರಿಯ ಸದಸ್ಯರಿಗೆ ಫೋನ್ ಮಾಡಿದೆ, ಮುಂದಿನ ವಾರ ಬಂದು ಪೂರ್ತಿ ಕೇಳಿದರು. ಆದರೆ ಅಂದು ಕೇಳಬೇಕಾಗಿದ್ದ ಪ್ರಶ್ನೆ ಚೀಟಿಯಲ್ಲೇ ಉಳಿದಿತ್ತು. ಅದನ್ನು ವಿಜ್ಞಾನಿಗಳಿಗೆ ಬರೆದು ಕಳುಹಿಸಿದ್ದೇವೆ. ಉತ್ತರ ಬಂದೊಡನೆ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.

ಮೇಲಿನ ಐದು ಕ್ರಮಗಳನ್ನು ಬರೆದ ಹಾಳೆಯನ್ನು ಕಛೇರಿಯ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಬೇಕಾದವರು ಕಛೇರಿಯ ಸಮಯದಲ್ಲಿ ಬಂದು ಪ್ರತಿ ಪಡೆದುಕೊಳ್ಳಬಹುದು.

— ಕಾರ್ಯದರ್ಶಿ